ಹೋದವಳು, ಉಳಿದವಳು



ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿಗಳಾಗಿದ್ದಾಗ ನಾವು ಆರ್ನಾಲ್ಡ್ ಬೆನೆಟ್ಟನ ‘ದಿ ಓಲ್ಡ್ ವೈವ್ಸ್ ಟೇಲ್’ ಎಂಬ ಕಾದಂಬರಿಯನ್ನು ಓದಿದ್ದೆವು. ಅದು ಪ್ರಕಟವಾದದ್ದು 1908ರಲ್ಲಿ. ಅಂದು ಪರೀಕ್ಷೆಗೆಂದು ಓದಿ ಮುಚ್ಚಿಟ್ಟ ಆ ಗ್ರಂಥವನ್ನು ಕಳೆದ ಶ್ರಾವಣದಲ್ಲಿ ಮತ್ತೆ ತೆರೆದಾಗ, ನಮ್ಮ ಅಂದಿನ ಓದಿನಲ್ಲಿದ್ದ ದೊಡ್ಡದೊಂದು ದೋಷ ನಮಗೆ ಗೋಚರವಾಯಿತು.

ಈ ಕೃತಿಯ ಹುಟ್ಟೇ ವಿಚಾರಯೋಗ್ಯವಾದುದು. 1903ರಲ್ಲಿ ಪ್ಯಾರಿಸ್ಸಿನ ಒಂದು ಭೋಜನಾಲಯದಲ್ಲಿ ಸ್ಥೂಲಕಾಯದ ವೃದ್ಧೆಯೊಬ್ಬಳು ಆಸನ ಬದಲಿಸುತ್ತ, ಕೈಯ ಗಂಟುಗಳನ್ನು ಬೀಳಿಸಿಕೊಳ್ಳುತ್ತ ಎಲ್ಲರ ನಗೆಗೆ ಪಾತ್ರಳಾದಳು. ಬೆನೆಟ್ಟನಿಗೆ ಮಾತ್ರ, ಇವಳೂ ಒಂದು ಕಾಲದಲ್ಲಿ ತರುಣಿಯಾಗಿದ್ದಳಲ್ಲವೇ ಎನಿಸಿತು. ಆ ಕನಿಕರವೇ ಮುಂದೆ ಕಾದಂಬರಿಯಾಯಿತು.

ಇಂಗ್ಲೆಂಡಿನ ಕುಂಬಾರಿಕೆಯ ಸೀಮೆಯಲ್ಲಿ ಬರ್ಸ್ಲಿ ಎಂಬ ಊರು, ಅಲ್ಲೊಂದು ಬಟ್ಟೆಯಂಗಡಿ. ಆ ಮನೆಯ ಮಕ್ಕಳು ಕಾನ್‌ಸ್ಟನ್ಸ್ ಮತ್ತು ಸೋಫಿಯಾ. ಒಬ್ಬಳ ಹೆಸರಿಗೆ ಸ್ಥೈರ್ಯವೆಂದೂ, ಇನ್ನೊಬ್ಬಳದಕ್ಕೆ ಪ್ರಜ್ಞೆಯೆಂದೂ ಅರ್ಥ. ಅಕ್ಕ ಅಂಗಡಿಯಲ್ಲೇ ದುಡಿಯುತ್ತಿದ್ದ ಸ್ಯಾಮ್ಯುಯೆಲ್ ಪೋವಿಯನ್ನು ಮದುವೆಯಾಗಿ ಹುಟ್ಟಿದ ಮನೆಯಲ್ಲೇ ಉಳಿಯುತ್ತಾಳೆ. ತಂಗಿ ಜೆರಾಲ್ಡ್ ಸ್ಕೇಲ್ಸ್ ಎಂಬ ಸುಂದರ ವರ್ತಕಪ್ರತಿನಿಧಿಯನ್ನು ನಂಬಿ ಓಡಿಹೋಗುತ್ತಾಳೆ. ಬಳುವಳಿಯಾಗಿ ಬಂದ ಹಣವನ್ನೆಲ್ಲ ಪೋಲುಮಾಡಿದ ಅವನು ಆಕೆಯನ್ನು ಫ್ರಾನ್ಸ್ ದೇಶದಲ್ಲಿ ಕೈಬಿಡುತ್ತಾನೆ. 1870ರಲ್ಲಿ ಪ್ರಷ್ಯನ್ ಸೈನ್ಯ ಪ್ಯಾರಿಸ್ಸನ್ನು ಮುತ್ತಿದಾಗ ಆಕೆ ದವಸ ಕೂಡಿಟ್ಟು, ಬಾಡಿಗೆಯವರಿಗೆ ಅನ್ನವಿಕ್ಕಿ ಹಣ ಗಳಿಸಿ, ಮುಂದೆ ಒಂದು ವಸತಿಗೃಹದ ಒಡತಿಯಾಗುತ್ತಾಳೆ.

ತಾರುಣ್ಯದಲ್ಲಿ ನಮಗೆ ಸೋಫಿಯಾಳೇ ನಾಯಕಿ. ಕಾನ್‌ಸ್ಟನ್ಸಳ ಅಧ್ಯಾಯಗಳನ್ನು ನಾವು ಬೇಗಬೇಗನೆ ಮಗುಚಿದ್ದೆವು. ಇದಕ್ಕೆ ಕಾರಣವಿತ್ತು. ಹನ್ನೆರಡನೆಯ ವಯಸ್ಸಿನಲ್ಲಿ ಮನೆ ಬಿಟ್ಟು ಮಠ ಸೇರಿದವರು ನಾವು. ಪೂರ್ವಾಶ್ರಮದ ಅಕ್ಕ ಊರಿನಲ್ಲೇ ಉಳಿದರು. ಹೋದವನು ಏನೋ ಕಂಡನು, ಉಳಿದವಳಿಗೆ ಕಾಣಲು ಏನಿದೆ ಎಂಬ ಸೂಕ್ಷ್ಮವಾದ ಅಹಂಕಾರ ನಮ್ಮಲ್ಲಿ ಮನೆಮಾಡಿತ್ತು.

ಮರು ಓದಿನಲ್ಲಿ ಆ ಅಹಂಕಾರ ನಿಲ್ಲಲಿಲ್ಲ. ಸೋಫಿಯಾ ಫ್ರಾನ್ಸಿನ ಊರೊಂದರಲ್ಲಿ ಕಿಟಕಿಯಿಂದ ಶಿರಚ್ಛೇದವನ್ನು ಕಂಡವಳು, ನಿಜ. ಆದರೆ ಕಾನ್‌ಸ್ಟನ್ಸಳ ಮನೆಗೂ ಗಲ್ಲು ಬಂದಿತ್ತು. ಗಂಡನ ದಾಯಾದಿ ಡೇನಿಯಲ್ ತನ್ನ ಕುಡುಕ ಹೆಂಡತಿಯನ್ನು ಕೊಂದು ಗಲ್ಲಿಗೇರಿದನು. ಅವನ ಪ್ರಾಣ ಉಳಿಸಲು ಅಲೆದ ಪೋವಿ ನ್ಯುಮೋನಿಯಾದಿಂದ ತೀರಿಕೊಂಡನು. ಇದ್ದ ಒಬ್ಬ ಮಗ ಚಿತ್ರಕಲೆಗೆಂದು ಲಂಡನ್ನಿಗೆ ಹೊರಟುಹೋದನು. ಮನೆಯಿಂದ ಕದಲದವಳಿಗೂ ಬದುಕು ಏನನ್ನೂ ಕಡಿಮೆ ಮಾಡಲಿಲ್ಲ. ಇತ್ತ ಸೋಫಿಯಾ ಪ್ಯಾರಿಸ್ಸಿನಲ್ಲಿ ನಡೆಸಿದ್ದಾದರೂ ಏನು? ತಂದೆಯ ಅಂಗಡಿಯ ಅದೇ ಶಿಸ್ತು, ಅದೇ ಮಿತವ್ಯಯ, ಅದೇ ಲೆಕ್ಕದ ಪುಸ್ತಕ. ಊರು ಬಿಟ್ಟರೂ ಊರು ಆಕೆಯನ್ನು ಬಿಡಲಿಲ್ಲ.

ಸುಮಾರು ಮೂವತ್ತು ವರ್ಷಗಳ ಮೇಲೆ ಅಕ್ಕತಂಗಿಯರು ಒಂದುಗೂಡುತ್ತಾರೆ. ಆಮೇಲೊಂದು ದಿನ ಜೆರಾಲ್ಡನ ಸುದ್ದಿ ಬಂದು ಸೋಫಿಯಾ ಮ್ಯಾಂಚೆಸ್ಟರಿಗೆ ಧಾವಿಸುತ್ತಾಳೆ. ಅಲ್ಲಿ ಕಾಣುವುದು ಬಡಕಲು ಮುದುಕನೊಬ್ಬನ ಶವ. ದ್ವೇಷಿಸಲು ಆ ಮುಖದಲ್ಲಿ ಏನೂ ಉಳಿದಿರಲಿಲ್ಲ. ಅವನೂ ಒಮ್ಮೆ ತರುಣನಾಗಿದ್ದನು, ಮುಪ್ಪಾದನು, ಸತ್ತನು, ಅಷ್ಟೆ. ಅದೇ ದಿನ ಊರಿಗೆ ಮರಳುವ ದಾರಿಯಲ್ಲಿ ಆಕೆಗೆ ಪಾರ್ಶ್ವವಾಯು ಬಡಿಯಿತು, ಮತ್ತೆ ಚೇತರಿಸಿಕೊಳ್ಳಲಿಲ್ಲ. ಈ ಪುಟಗಳ ಬಳಿ ನಾವು ಬಹಳ ಹೊತ್ತು ಪುಸ್ತಕ ಮುಚ್ಚಿಕೊಂಡು ಕುಳಿತೆವು.

ಮೊನ್ನೆ ಒಂದು ಕಾರ್ಯಕ್ರಮದ ನಿಮಿತ್ತ ಆ ಊರಿಗೆ ಹೋಗಿದ್ದಾಗ ಅಕ್ಕ ದರ್ಶನಕ್ಕೆ ಬಂದರು. ಎಲ್ಲರಂತೆ ಅವರೂ ನಮ್ಮನ್ನು ‘ಬುದ್ಧೀ’ ಎಂದೇ ಕರೆಯುವವರು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಕಿರಾಣಿ ಅಂಗಡಿ ನಡೆಸಿ ಮೂವರು ಮಕ್ಕಳನ್ನು ದಡ ಸೇರಿಸಿದ ಜೀವ. ಆ ವರ್ಷಗಳನ್ನು ಹೇಗೆ ಕಳೆದಿರೆಂದು ನಾವು ಮೊದಲ ಬಾರಿಗೆ ಕೇಳಿದೆವು. ‘ಹೇಳೋದಕ್ಕೆ ಏನಿದೆ ಬುದ್ಧೀ’ ಎಂದು ನಕ್ಕರು. ಸ್ವಲ್ಪ ತಡೆದು, ಹೇಳತೊಡಗಿದರು. ದೀಪ ಹಚ್ಚುವ ಹೊತ್ತಾದರೂ ಅವರ ಮಾತು ಮುಗಿದಿರಲಿಲ್ಲ.

ಮಠದಲ್ಲಿ ಓದಿ ದೂರದೂರುಗಳಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳೇ, ನೀವು ಹೊರಟುಬಂದ ಮನೆಯಲ್ಲೂ ಯಾರೋ ಒಬ್ಬರು ಉಳಿದಿರುತ್ತಾರೆ. ಈ ಸಲ ಊರಿಗೆ ಹೋದಾಗ ನಿಮ್ಮ ಸುದ್ದಿ ಹೇಳುವ ಮೊದಲು ಅವರದನ್ನು ಕೇಳಿರಿ.