ನೆನೆದ ಹಾದಿಯ ವ್ಯಾಜ್ಯ

ಬ್ರೇಕಿಲ್ಲದ ಮೋಟಾರು ಸೈಕಲ್ಲನ್ನು ಬುದ್ಧಿ ನೆಟ್ಟಗಿರುವವನು ಯಾವನಾದರೂ ಹತ್ತುವುದುಂಟೆ ಎಂದು ನೀವು ಕೇಳಬಹುದು. ಸ್ಪೀಡ್‌ವೇ ಎಂಬ ಪಂದ್ಯದಲ್ಲಿ ಬ್ರೇಕು ಇರಕೂಡದೆಂಬುದೇ ನಿಯಮ. 500 ಸಿ.ಸಿ.ಯ ಒಂಟಿ ಸಿಲಿಂಡರಿನ ಎಂಜಿನು, ಒಂದೇ ಗೇರು, ಪೆಟ್ರೋಲಿಗೆ ಬದಲು ಮೆಥನಾಲು. ನಾಲ್ವರು ಸವಾರರು ಅಂಡಾಕಾರದ ಮಣ್ಣುಹಾದಿಯನ್ನು ನಾಲ್ಕು ಸಲ ಸುತ್ತಬೇಕು; ಅದೂ ಅಪ್ರದಕ್ಷಿಣವಾಗಿ. (ನಮ್ಮ ಊರಿನ ಶಾಸ್ತ್ರಿಗಳಾದರೆ ಅಷ್ಟಕ್ಕೇ ಎದ್ದು ಹೋದಾರು.) ಒಂದು ನಿಮಿಷದೊಳಗೆ ಎಲ್ಲ ಮುಗಿಯುತ್ತದೆ. ಮೊದಲು ಬಂದವನಿಗೆ 3 ಅಂಕ, ಎರಡನೆಯವನಿಗೆ 2, ಮೂರನೆಯವನಿಗೆ 1, ಕೊನೆಯವನಿಗೆ ಸೊನ್ನೆ.

ತಿರುವಿನಲ್ಲಿ ಸವಾರ ಹಿಂದಿನ ಗಾಲಿಯನ್ನು ಬೇಕೆಂದೇ ಹೊರಕ್ಕೆ ಜಾರಿಸುತ್ತಾನೆ. ಗಾಡಿ ಎಡಕ್ಕೆ ಹೊರಳುತ್ತಿದ್ದರೆ ಮುಂದಿನ ಗಾಲಿ ಬಲಕ್ಕೆ ನೋಡುತ್ತಿರುತ್ತದೆ. ಎಡಗಾಲಿಗೆ ಉಕ್ಕಿನ ಅಟ್ಟೆ ಕಟ್ಟಿಕೊಂಡು ಅದನ್ನು ನೆಲಕ್ಕೆ ಊರಿ ಉಜ್ಜುತ್ತ ಸಾಗುತ್ತಾನೆ. ಎಂದರೆ, ಜಾರುವುದೇ ಇಲ್ಲಿ ವಿದ್ಯೆ. ಹೀಗಿರುವಾಗ, ಜಾರುವುದನ್ನೇ ಕಸುಬು ಮಾಡಿಕೊಂಡ ಈ ಮಂದಿ ಮಳೆ ಬಂದ ಕೂಡಲೆ “ಹಾದಿ ಜಾರುತ್ತದೆ, ನಾವು ಒಲ್ಲೆವು” ಎಂದು ಕೈಕಟ್ಟಿ ನಿಂತರೆ ದುಡ್ಡು ಕೊಟ್ಟು ಬಂದವರಿಗೆ ಸಿಟ್ಟು ಬಾರದೆ ಇದ್ದೀತೆ? ಈ ಪಂದ್ಯ ನಡೆಯುವ ದೇಶಗಳಲ್ಲೆಲ್ಲ ಈ ಜಗಳ ಬಹು ಹಳೆಯದು.

ನಾನು ಇದನ್ನು ಕಣ್ಣಾರೆ ಕಂಡದ್ದು 2018ರ ಬೇಸಗೆಯಲ್ಲಿ, ಇಂಗ್ಲೆಂಡಿನ ಒಂದು ಸಣ್ಣ ಊರಿನಲ್ಲಿ. ನನ್ನ ಅಕ್ಕನ ಮಗ ಅಲ್ಲಿ ಎಂಜಿನಿಯರು. ಕಾಲೇಜಿನ ರಜೆಯಲ್ಲಿ ಅವನ ಮನೆಗೆ ಹೋದವನನ್ನು ಒಂದು ಸಂಜೆ ಆಟದ ಬಯಲಿಗೆ ಎಳೆದುಕೊಂಡು ಹೋದ. ಏಳೆಂಟು ಓಟಗಳಾಗಿದ್ದವು. ಅತಿಥಿ ತಂಡ ನಾಲ್ಕು ಅಂಕ ಮುಂದಿತ್ತು. ಅಷ್ಟರಲ್ಲಿ ಮಳೆ, ನಮ್ಮ ಮಲೆನಾಡಿನವರು ಮಳೆಯೆಂದು ಒಪ್ಪಲಾರದಂಥ ಹನಿಹನಿ ಮಳೆ. ಪಂಚಾಯಿತರು ತಮ್ಮ ಗೂಡಿನಿಂದ ಇಳಿದು ಬಂದರು. ಎರಡೂ ತಂಡದ ನಾಯಕರು ಅವರ ಜೊತೆಯಲ್ಲಿ ಹಾದಿಯ ಮೇಲೆ ನಡೆದರು. ಊರಿನ ತಂಡದ ನಾಯಕ ಹಿಮ್ಮಡಿಯಿಂದ ಮಣ್ಣನ್ನು ಕೆದಕಿ ತೋರಿಸಿ ತಲೆಯಾಡಿಸಿದ. ಅತಿಥಿಗಳ ನಾಯಕ ನಕ್ಕ.

“ನೋಡಿದಿರಾ ಮಾಮ,” ಎಂದ ನನ್ನ ಸೋದರಳಿಯ, “ಸೋಲುತ್ತಿದ್ದಾರಲ್ಲ, ಅದಕ್ಕೇ ಹಾದಿ ಕೆಟ್ಟುಹೋಯಿತು.”

ಅವನ ಮಾತಿನಲ್ಲಿ ಹುರುಳಿತ್ತು. ಇಷ್ಟು ಓಟಗಳು ಮುಗಿದ ಮೇಲೆ ಪಂದ್ಯ ನಿಂತರೆ ಆಗ ಇದ್ದ ಅಂಕವೇ ತೀರ್ಪು. ಅದಕ್ಕೆ ಮುಂಚೆ ನಿಂತರೆ ಆಡಿದ್ದೆಲ್ಲ ನೀರಿನಲ್ಲಿ ಹೋಮ. ಆದ್ದರಿಂದ ಆ ಗಡಿಯ ಈಚೆಗೆ ಸೋಲುವವನಿಗೆ ಹಾದಿ ಅಪಾಯವಾಗಿ ಕಾಣುತ್ತದೆ, ಆಚೆಗೆ ಗೆಲ್ಲುವವನಿಗೆ. ಮಣ್ಣು ಮಾತ್ರ ಎರಡು ಕಡೆಗೂ ಒಂದೇ. ಇಷ್ಟನ್ನು ಅರಿತ ಪ್ರೇಕ್ಷಕ ಸವಾರನ ಮಾತನ್ನು ನಂಬುವುದಾದರೂ ಹೇಗೆ? ಆದರೆ ಸ್ವಾರ್ಥದ ಬಾಯಿಂದ ಬಂದ ಮಾತು ಸುಳ್ಳೇ ಆಗಿರಬೇಕೆಂದು ಯಾವ ತರ್ಕಶಾಸ್ತ್ರವೂ ಹೇಳುವುದಿಲ್ಲ. ಆ ನಾಯಕನಿಗೆ ಪಂದ್ಯ ನಿಂತರೆ ಲಾಭವಿತ್ತು, ಹಾದಿಯೂ ಕೆಟ್ಟಿತ್ತು. ಎರಡೂ ನಿಜವಾಗಿರಬಹುದೆಂದು ನಮ್ಮ ಸಾಲಿನಲ್ಲಿ ಯಾರೂ ಎಣಿಸಲಿಲ್ಲ.

ಈ ಹಾದಿಯ ಮಣ್ಣು ಸ್ವಲ್ಪ ವಿಚಿತ್ರ. ಬ್ರಿಟನ್ನಿನಲ್ಲಿ ಅದು ಶೇಲ್ ಎಂಬ ಪುಡಿಗಲ್ಲು. ನೀರೇ ಇಲ್ಲದಿದ್ದರೆ ಧೂಳೆದ್ದು ಮುಂದಿನವನೇ ಕಾಣಿಸುವುದಿಲ್ಲ. ಆದ್ದರಿಂದ ಓಟಕ್ಕೆ ಮುಂಚೆ ಅವರೇ ನೀರು ಹಾಯಿಸುತ್ತಾರೆ. ಹದ ತಪ್ಪಿದರೆ ತೊಂದರೆ. ಗಟ್ಟಿಯಾಗಿ ಕೂತ ಹಾದಿಯ ಮೇಲೆ ತೆಳು ಮಳೆ ಬಿದ್ದರೆ ಮೇಲುಪದರ ಎಣ್ಣೆ ಸವರಿದಂತಾಗುತ್ತದೆ. ಸಡಿಲವಾದ ಹಾದಿ ನೀರು ಕುಡಿದರೆ ಗಾಲಿಗಳು ಅದನ್ನು ಉತ್ತು ಗುಂಡಿ ತೋಡುತ್ತವೆ. ಜಾರುವ ಗಾಲಿ ಗುಂಡಿಯಲ್ಲಿ ಸಿಕ್ಕಿ ಥಟ್ಟನೆ ಹಿಡಿತ ಪಡೆಯಿತೆನ್ನಿ, ಗಾಡಿ ಸವಾರನನ್ನೂ ಎತ್ತಿಕೊಂಡು ನೇರವಾಗಿ ಬೇಲಿಯ ಕಡೆಗೆ ನೆಗೆಯುತ್ತದೆ. ಜಾರಿಸುವುದು ಬೇರೆ, ಜಾರುವುದು ಬೇರೆ. ವ್ಯಾಕರಣ ಕಲಿಸುವವನಾದ ನನಗೆ ಆ ‘ಇಸು’ ಪ್ರತ್ಯಯದ ಬೆಲೆ ಅಷ್ಟು ಚೆನ್ನಾಗಿ ಅದಕ್ಕೆ ಮುಂಚೆ ತಿಳಿದಿರಲಿಲ್ಲ.

ಇನ್ನು ಕೆಸರು. ಮುಂದೆ ಹೋಗುವವನ ಕಣ್ಣಿಗೆ ಹಾದಿ ನಿಚ್ಚಳ. ಹಿಂದಿನವರ ಮುಖಕ್ಕೆಲ್ಲ ಅವನ ಗಾಲಿಯ ರಾಡಿ. ಕನ್ನಡಕದ ಮೇಲೆ ತೆಳುವಾದ ಹಾಳೆಗಳನ್ನು ಒಂದರ ಮೇಲೊಂದು ಹಾಕಿಕೊಂಡು, ಮೆತ್ತಿದಂತೆಲ್ಲ ಒಂದೊಂದನ್ನೇ ಕಿತ್ತೆಸೆಯುತ್ತಾರೆ. ಗಂಟೆಗೆ ನೂರು ಕಿಲೋಮೀಟರಿನ ಆಸುಪಾಸಿನಲ್ಲಿ ಒಂದು ಕೈ ಬಿಟ್ಟು ಮುಖ ಒರಸಿಕೊಳ್ಳುವ ಕೆಲಸ ಇದು. ನಮ್ಮ ದಕ್ಷಿಣ ಕನ್ನಡದ ಕಂಬಳದಲ್ಲಿ ಕೆಸರೇ ಕಣ, ಅಲ್ಲಿ ಕೆಸರಾಯಿತೆಂದು ಯಾರೂ ದೂರುವಂತಿಲ್ಲ. ಆದರೆ ಅಲ್ಲಿ ಬಿದ್ದವನನ್ನು ಕೆಸರೇ ಮೆತ್ತಗೆ ಹಿಡಿದುಕೊಳ್ಳುತ್ತದೆ.

ನಮ್ಮ ಪಕ್ಕದಲ್ಲಿ ಒಬ್ಬ ಮುದುಕರು ಕೂತಿದ್ದರು. ತಮ್ಮ ಕಾಲದಲ್ಲಿ ಕೊಚ್ಚೆಯಲ್ಲೂ ಓಡಿಸುತ್ತಿದ್ದರು, ಈಗಿನವರು ಸಕ್ಕರೆಗೊಂಬೆಗಳು ಎಂದು ಅವರ ಅಭಿಪ್ರಾಯ. ಇರಬಹುದು. ಈ ಆಟ 1923ರಲ್ಲಿ ಆಸ್ಟ್ರೇಲಿಯದ ಮೈಟ್ಲೆಂಡಿನಲ್ಲಿ ಹೆಸರು ಮಾಡಿ, 1928ರ ಫೆಬ್ರುವರಿಯಲ್ಲಿ ಲಂಡನ್ನಿನ ಹೊರವಲಯದ ಹೈ ಬೀಚ್‌ಗೆ ಬಂದು, 1936ರಲ್ಲಿ ವೆಂಬ್ಲಿಯಲ್ಲಿ ಮೊದಲ ವಿಶ್ವ ಚಾಂಪಿಯನ್ನನನ್ನು ಕಂಡಿತು. ಆಗಿನವರು ಗಟ್ಟಿಗರೇ. ಆದರೆ ಕಳೆದ ಕಾಲದ ಧೈರ್ಯವನ್ನು ಅಳೆಯುವಾಗ ನಾವು ಉಳಿದವರನ್ನು ಮಾತ್ರ ಲೆಕ್ಕ ಹಾಕುತ್ತೇವೆ. ಒಣ ಹಾದಿಯಲ್ಲೇ ಈ ಆಟ ಕೇಳುವ ಬೆಲೆ ಕಡಿಮೆಯದಲ್ಲ: 2015ರ ಆಗಸ್ಟಿನಲ್ಲಿ ಪೋಲೆಂಡಿನ ಜೆಲೋನಾ ಗೂರಾದಲ್ಲಿ ಆಸ್ಟ್ರೇಲಿಯದ ಡಾರ್ಸಿ ವಾರ್ಡ್ ಮುಂದಿನವನ ಗಾಲಿಗೆ ತಾಗಿ ಬಿದ್ದು, ಬೆನ್ನುಹುರಿಗೆ ಪೆಟ್ಟಾಗಿ, 23ನೆಯ ವಯಸ್ಸಿಗೇ ಗಾಲಿಕುರ್ಚಿ ಸೇರಿದ. ಅದರಲ್ಲಿ ಮಳೆಯ ತಪ್ಪೇನೂ ಇರಲಿಲ್ಲ.

ಸಕ್ಕರೆಗೊಂಬೆಯ ಸಂಸಾರವನ್ನೂ ನೋಡಬೇಕು. ಇಲ್ಲಿ ದುಡ್ಡು ಬಹುಮಟ್ಟಿಗೆ ಅಂಕಕ್ಕೆ ಇಷ್ಟೆಂಬ ಲೆಕ್ಕದಲ್ಲಿ. ಎಂಜಿನು, ಟಯರು, ಮೆಕ್ಯಾನಿಕ್ಕಿನ ಕೂಲಿ ಎಲ್ಲ ಸವಾರನ ತಲೆಯ ಮೇಲೆ. ಓಡಿಸದಿದ್ದರೆ ಅಂಕವಿಲ್ಲ, ಅಂಕವಿಲ್ಲದಿದ್ದರೆ ಕಾಸಿಲ್ಲ. ಆದರೆ ಹೆಸರುವಾಸಿಯಾದವನು ಒಂದೇ ವಾರದಲ್ಲಿ ಪೋಲೆಂಡು, ಸ್ವೀಡನ್ನು, ಬ್ರಿಟನ್ನು ಎಂದು ತಿರುಗುವವನು. ಕಡಮೆ ಹಣದ ಊರಿನ ಕೆಸರಿನಲ್ಲಿ ಕೊರಳೆಲುಬು ಮುರಿದುಕೊಂಡರೆ ಹೆಚ್ಚು ಹಣದ ಊರಿನ ಗಳಿಕೆ ಹೋಯಿತು. ಅವನು ಬೇಡವೆಂದರೆ ಅದು ವ್ಯಾಪಾರಿಯ ಲೆಕ್ಕ ಎಂದು ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ನನ್ನ ಮನಸ್ಸು ಕೆಡಿಸಿದವನು ಅವನಲ್ಲ.

ಊರಿನ ತಂಡದಲ್ಲಿ ಹದಿನೆಂಟೋ ಹತ್ತೊಂಬತ್ತೋ ವಯಸ್ಸಿನ ಒಬ್ಬ ಹುಡುಗನಿದ್ದ, ಮೀಸಲು ಸವಾರ. ನಾಯಕರು ಹಾದಿಯ ಮೇಲೆ ವಾದಿಸುತ್ತಿದ್ದಾಗ ಅವನು ಗಾಡಿಯ ಪಕ್ಕದಲ್ಲಿ ನಿಂತು ಕನ್ನಡಕ ಒರಸುತ್ತಿದ್ದ. ಹಾದಿಯ ಕಡೆಗೆ ಅವನು ನೋಡುತ್ತಲೇ ಇರಲಿಲ್ಲ. ತನ್ನ ನಾಯಕನ ಮುಖವನ್ನೇ ನೋಡುತ್ತಿದ್ದ. ನಾಯಕ ಬೇಡವೆನ್ನಬಲ್ಲ, ಅವನಿಗೆ ಹೆಸರಿದೆ. ಮುಂದಿನ ವರ್ಷ ತಂಡದಲ್ಲಿ ಜಾಗ ಸಿಕ್ಕೀತೋ ಇಲ್ಲವೋ ಎಂದು ತಿಳಿಯದ ಹುಡುಗ ಯಾರಿಗೆ ಏನೆಂದು ಹೇಳಿಯಾನು? ಅವನ ಪರವಾಗಿ ಆಡಲು ಅಲ್ಲಿ ಇದ್ದದ್ದು ನಾಯಕನ ಆ ಸ್ವಾರ್ಥದ ಮಾತೊಂದೇ.

ಪಂಚಾಯಿತರು ಟ್ರಾಕ್ಟರು ಹಾಯಿಸಿ, ಒಂದು ಓಟ ನೋಡೋಣವೆಂದರು. ಹುಡುಗನ ಸರದಿ ಬಂತು. ಎರಡನೆಯ ಸುತ್ತಿನಲ್ಲಿ ಎಲ್ಲರಿಗಿಂತ ಹಿಂದೆ, ಕೆಸರಿನ ಬೊಂಬೆಯಾಗಿ, ತಿರುವಿಗೆ ಬಂದವನು ಗಾಡಿಯಿಂದ ಬೇರೆಯಾಗಿ ಬೇಲಿಯ ಬುಡಕ್ಕೆ ಹೋಗಿ ಬಿದ್ದ. ಮಣಿಕಟ್ಟಿಗೆ ಕಟ್ಟಿದ ದಾರ ಕಿತ್ತು ಎಂಜಿನು ನಿಂತಿತು. ಆ ಕ್ಷಣ ಬಯಲೆಲ್ಲ ಮೌನ. ಅವನು ಎದ್ದು, ತೋಳನ್ನು ಎದೆಗೆ ಒತ್ತಿಕೊಂಡು ನಡೆದು ಹೋದ. ಪಂದ್ಯ ನಿಂತಿತು. ಚಪ್ಪಾಳೆಯೂ ಆಯಿತು, ಆ ಚಪ್ಪಾಳೆ ತಟ್ಟಿದವರಲ್ಲಿ ಹತ್ತು ನಿಮಿಷದ ಹಿಂದೆ “ಓಡಿಸಿರೋ” ಎಂದು ಕೂಗಿದವರೂ ಇದ್ದರು. ಮುದುಕರು ಮಾತನಾಡಲಿಲ್ಲ. ಇನ್ನೊಂದು ದಿನ ಬರಬಹುದೆಂದು ನಮಗೆ ಚೀಟಿ ಕೊಟ್ಟರು. ನಾನು ಭಾನುವಾರವೇ ವಿಮಾನ ಹತ್ತುವವನಾದ್ದರಿಂದ ಅದು ಈಗಲೂ ನನ್ನ ಛಂದಸ್ಸಿನ ಪುಸ್ತಕವೊಂದರಲ್ಲಿ ಗುರುತಿನ ಹಾಳೆಯಾಗಿದೆ.

ನಮ್ಮ ಭಾಷೆಯಲ್ಲಿ ಧೀರನೆಂಬ ಮಾತಿದೆ, ಹುಂಬನೆಂಬ ಮಾತೂ ಇದೆ. ಹಾಯಾಗಿ ಕೂತಿರುವವನಿಗೆ ಇವೆರಡರ ನಡುವಣ ಗೆರೆ ಕಾಣಿಸದಿರುವುದು ಸಹಜ. ವಾರ್ಸಾದಲ್ಲಿ 2015ರ ಏಪ್ರಿಲ್ 18ರಂದು ಕಾಣಿಸಲೇ ಇಲ್ಲ. ಪೋಲೆಂಡಿನ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಜನ. ಅವರ ಪ್ರೀತಿಯ ತೋಮಾಶ್ ಗೊಲ್ಲೊಬ್‌ನ ಬೀಳ್ಕೊಡುಗೆ. ಮೇಲೆ ಮಾಡು, ಮಳೆಯ ಮಾತಿಲ್ಲ. ಆದರೆ ತಾತ್ಕಾಲಿಕವಾಗಿ ಹಾಸಿದ ಮಣ್ಣು ಕಿತ್ತುಬಂತು, ಪ್ರಾರಂಭದ ಗೇಟೂ ಕೈಕೊಟ್ಟಿತು. 12 ಓಟಗಳಾದ ಮೇಲೆ ಸವಾರರು ಸಾಕೆಂದರು. ಸ್ಲೊವೇನಿಯದ ಮಾತೆಯ್ ಜಾಗರ್ ಗೆದ್ದನೆಂದು ಸಾರಿದಾಗ ಜನ ಸಿಳ್ಳು ಹಾಕಿದರು. ಅಲ್ಲಿ ಬೇಡವೆಂದವರು ಜಗತ್ತಿನ ಶ್ರೇಷ್ಠ ಸವಾರರು. ಅಂಥವರಿಗೇ ಸಿಳ್ಳು!

ಪೋಲೆಂಡಿನವರು ಇದಕ್ಕೆ ಮದ್ದು ಹುಡುಕಿದ್ದಾರೆ. ಅವರ ಮೇಲ್ದರ್ಜೆಯ ಲೀಗಿನಲ್ಲಿ ಮಳೆಯ ಸೂಚನೆಯಿದ್ದರೆ ಹಾದಿಗೆ ಹೊದಿಕೆ ಹಾಸಬೇಕು. ಊರಿನ ತಂಡ ತನಗೆ ಬೇಕಾದಷ್ಟು ನೀರು ಹಾಯಿಸದಂತೆ ಮಣ್ಣನ್ನು ಪರೀಕ್ಷಿಸಲು ಪ್ರತ್ಯೇಕ ಅಧಿಕಾರಿ. ಏರ್ಪಾಡು ಒಳ್ಳೆಯದೇ. ಈಗ ಅಲ್ಲಿ ವಾದ ನಡೆಯುವುದು ಹೊದಿಕೆಯನ್ನು ಹೊತ್ತಿಗೆ ಸರಿಯಾಗಿ ಹಾಸಿದರೋ ಇಲ್ಲವೋ ಎಂಬುದರ ಮೇಲೆ.