ಗೆದ್ದವನೇ ಕೊಡುವ ಬಹುಮಾನ

ಬಹುಮಾನವೆಂದರೆ ಗೆದ್ದವನು ಮನೆಗೆ ಕೊಂಡೊಯ್ಯುವ ವಸ್ತು ಎಂದು ನಾವು ತಿಳಿದಿದ್ದೇವೆ. ಸ್ಕಾಟ್ಲೆಂಡಿನ ಹಳೆಯ ಬೆಳ್ಳಿಬಾಣಗಳ ರೀತಿ ಬೇರೆ. ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಅಂಥ ಮೂರು ಬಾಣಗಳಿವೆ. 17ನೆಯ ಶತಮಾನದ ಆರಂಭದ ದಶಕಗಳಿಂದ 18ನೆಯ ಶತಮಾನದ ನಡುಭಾಗದವರೆಗೆ ಅಲ್ಲಿನ ವಿದ್ಯಾರ್ಥಿಗಳು ಇವುಗಳಿಗಾಗಿ ಬಿಲ್ಲು ಹಿಡಿದು ಸ್ಪರ್ಧಿಸಿದರು. ಗೆದ್ದ ಹುಡುಗನಿಗೆ ಬಾಣ ಸ್ವಂತವಾಗುತ್ತಿರಲಿಲ್ಲ. ಅವನೇ ತನ್ನ ಖರ್ಚಿನಲ್ಲಿ ಬೆಳ್ಳಿಯ ಪದಕವೊಂದನ್ನು ಮಾಡಿಸಿ, ಅದರ ಮೇಲೆ ತನ್ನ ವಂಶದ ಲಾಂಛನವನ್ನು ಕೆತ್ತಿಸಿ, ಬಾಣಕ್ಕೆ ತೂಗುಹಾಕಬೇಕಾಗಿತ್ತು. ಹಾಗೆ ಕೂಡಿಬಂದ ಪದಕಗಳು ಸುಮಾರು 70.

ಶಾಸನಗಳನ್ನು ಓದುವುದು ನನ್ನ ನಿತ್ಯದ ಕೆಲಸವಾದ್ದರಿಂದ, ಈ ಪದಕಗಳ ಚಿತ್ರಗಳನ್ನು ಮೊದಲ ಸಲ ನೋಡಿದಾಗ ನನ್ನ ಕಣ್ಣು ತಾನಾಗಿ ಹುಡುಕಿದ್ದು ಹೆಸರು, ವಂಶ, ಕಾಲಗಳನ್ನೇ. ಎರಡನೆಯ ನೋಟದಲ್ಲಿ ಇನ್ನೊಂದು ಸಂಗತಿ ಗಮನಕ್ಕೆ ಬಂತು. ಆರಂಭದ ಪದಕಗಳು ಚಿಕ್ಕವು, ಸರಳವಾದವು. ಕಾಲ ಸರಿದಂತೆ ಅವು ಅಗಲವಾಗುತ್ತವೆ, ಅಲಂಕಾರ ಹೆಚ್ಚುತ್ತದೆ, ಕೊನೆಕೊನೆಗೆ ಬಾಣವೇ ಅವುಗಳ ನಡುವೆ ಮರೆಯಾಗುವಂತಿದೆ. ಗುರಿಯನ್ನು ಹೊಡೆಯುವ ಪೈಪೋಟಿ ಮುಗಿದಮೇಲೆ ಬೆಳ್ಳಿಯ ಗಾತ್ರದ ಪೈಪೋಟಿ ಶುರುವಾಗುತ್ತಿತ್ತೆಂದು ತೋರುತ್ತದೆ. ನಮ್ಮ ರಾಜಪ್ರಶಸ್ತಿಗಳು ತಲೆಮಾರಿನಿಂದ ತಲೆಮಾರಿಗೆ ಉಬ್ಬುತ್ತ ಹೋದುದನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು.

ಈ ಪದ್ಧತಿ ವಿದ್ಯಾರ್ಥಿಗಳಿಗೆ ಮಾತ್ರ ಸೀಮಿತವಾಗಿರಲಿಲ್ಲ. ಮಸಲ್‌ಬರೊ ಊರಿನ ಬೆಳ್ಳಿಬಾಣದ ಇತಿಹಾಸ 1603ರಿಂದ ಆರಂಭವಾಗುತ್ತದೆ. 1676ರಲ್ಲಿ ಎಡಿನ್‌ಬರೊದಲ್ಲಿ ರೂಪುಗೊಂಡ ಗಣ್ಯರ ಬಿಲ್ಲಾಳುಗಳ ಕೂಟ, ಅಂದರೆ ಇಂದಿನ ರಾಯಲ್ ಕಂಪನಿ ಆಫ್ ಆರ್ಚರ್ಸ್, ಮುಂದೆ ಆ ಸ್ಪರ್ಧೆಯನ್ನು ನಡೆಸಿಕೊಂಡು ಬಂತು. ಅಲ್ಲಿಯೂ ಗೆದ್ದವನು ಪದಕ ಸೇರಿಸುವುದೇ ವಾಡಿಕೆ. ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ 1673ರಲ್ಲಿ ಮೊದಲಾದ ಸ್ಕಾರ್ಟನ್ ಬಾಣದ ನಿಯಮಗಳು ನನಗೆ ಇನ್ನಷ್ಟು ಪ್ರಿಯ. ಅಲ್ಲಿ ಒಟ್ಟು ಅಂಕಗಳ ಲೆಕ್ಕದಿಂದ ಬಾಣ ಸಿಗುವುದಿಲ್ಲ. ಗುರಿಯ ನಡುವಿನ ಕರಿಯ ಚುಕ್ಕೆಗೆ ಮೊದಲು ಬಾಣ ತಾಗಿಸಿದವನು ಆ ವರ್ಷದ ನಾಯಕ. ಮುಂದಿನ ಸ್ಪರ್ಧೆಯನ್ನು ಏರ್ಪಡಿಸುವ ಹೊಣೆಯೂ ಅವನದೇ. ಸ್ಪರ್ಧೆಯ ನಡುವೆ ಕೆಟ್ಟ ಮಾತಾಡಿದವನಿಗೆ ಒಂದು ಷಿಲಿಂಗ್ ದಂಡ. ಗುರಿ ತಪ್ಪಿದವನ ಬಾಯಿಂದ ಏನು ಹೊರಡಬಹುದೆಂಬುದನ್ನು ನಿಯಮ ಬರೆದವರು ಚೆನ್ನಾಗಿಯೇ ಬಲ್ಲವರಾಗಿದ್ದರು.

ಲಂಡನ್ನಿನ ಟಾಕ್ಸೊಫಿಲೈಟ್ ಸಂಘ ಹುಟ್ಟಿದ್ದು 1781ರಲ್ಲಿ. ಸ್ಥಾಪಕ ಸರ್ ಆಷ್ಟನ್ ಲೀವರ್, ವಿಚಿತ್ರ ವಸ್ತುಗಳನ್ನು ಕೂಡಿಹಾಕಿ ಪ್ರದರ್ಶನಾಲಯ ತೆರೆದಿದ್ದವನು. ಅವನ ಸಹಾಯಕ ಥಾಮಸ್ ವಾರಿಂಗ್ ಕುಳಿತು ಬರೆದೂ ಬರೆದೂ ಎದೆನೋವು ಬರಿಸಿಕೊಂಡು, ಅದರ ಪರಿಹಾರಕ್ಕೆಂದು ಬಿಲ್ಲು ಹಿಡಿದನಂತೆ. ಯಜಮಾನ ಅವನನ್ನು ಅನುಸರಿಸಿದ. 1787ರಲ್ಲಿ ಯುವರಾಜನೇ ಸಂಘಕ್ಕೆ ಆಶ್ರಯದಾತನಾದ. ಅಲ್ಲಿಂದ ಮುಂದಿನದು ಹಸಿರು ಉಡುಪಿನ ಶ್ರೀಮಂತರ ವಿನೋದದ ಕಥೆ. ಬಿಲ್ಲು ಆ ಹೊತ್ತಿಗಾಗಲೇ ಯುದ್ಧದಿಂದ ನಿವೃತ್ತವಾಗಿತ್ತು.

ನನ್ನ ಮನಸ್ಸು ಹಿಂದಿರುಗುವುದು ಸೇಂಟ್ ಆಂಡ್ರೂಸಿನ ಎರಡು ಪದಕಗಳ ಕಡೆಗೆ. ಒಂದು 1623ರದು, ಆರ್ಚಿಬಾಲ್ಡ್ ಕ್ಯಾಂಬೆಲ್‌ನದು. ತಂದೆ ಇನ್ನೂ ಬದುಕಿದ್ದುದರಿಂದ ಆಗ ಅವನು ಬರಿಯ ಲಾರ್ನ್ ಪ್ರಭು. ಮುಂದೆ ಆರ್ಗೈಲಿನ ಮಾರ್ಕ್ವಿಸ್ ಆಗಿ ಹೆಸರಾದ. ಇನ್ನೊಂದು 1628ರದು, ಮಾಂಟ್ರೋಸಿನ ಜೇಮ್ಸ್ ಗ್ರಹಾಂನದು. 1638ರ ಧಾರ್ಮಿಕ ಒಡಂಬಡಿಕೆಯ ದಿನಗಳಲ್ಲಿ ಇಬ್ಬರೂ ಒಂದೇ ಪಕ್ಷದವರು. ಬಳಿಕ ಮಾಂಟ್ರೋಸ್ ದೊರೆಯ ಕಡೆ ಸೇರಿದ. 1645ರ ಫೆಬ್ರವರಿ 2ರಂದು ಇನ್ವರ್‌ಲಾಕಿಯ ಕಾಳಗದಲ್ಲಿ ಅವನ ಸೇನೆ ಕ್ಯಾಂಬೆಲ್ ಕುಲದವರನ್ನು ಕೊಚ್ಚಿಹಾಕಿತು. ಆರ್ಗೈಲ್ ಅದನ್ನು ದೋಣಿಯಿಂದ ಕಂಡು ಅಲ್ಲಿಂದ ಪಾರಾದ.

ಪಂಪನ ಆದಿಪುರಾಣದಲ್ಲಿ ಭರತ ಬಾಹುಬಲಿಗಳ ಸೇನೆಗಳು ಎದುರುಬದುರಾದಾಗ, ಮಂತ್ರಿಗಳು ದೃಷ್ಟಿ, ಜಲ, ಮಲ್ಲಯುದ್ಧಗಳನ್ನು ಸೂಚಿಸುತ್ತಾರೆ. ಇಬ್ಬರ ಕಷಾಯಕ್ಕಾಗಿ ಸಾವಿರಾರು ಮಂದಿ ಸಾಯಬೇಕಾಗಿಲ್ಲ ಎಂಬುದು ಅದರ ಹಿಂದಿನ ವಿವೇಕ. ಸೇಂಟ್ ಆಂಡ್ರೂಸಿನಲ್ಲಿ ಈ ಇಬ್ಬರೂ ಯಾರ ರಕ್ತವೂ ಸುರಿಯದ ಪಂದ್ಯವನ್ನು ಹರೆಯದಲ್ಲೇ ಆಡಿ ಗೆದ್ದಿದ್ದರು. ಇನ್ವರ್‌ಲಾಕಿಯ ಹೊತ್ತಿಗೆ ಅವರನ್ನು ಅಂಥ ಬಯಲಿಗೆ ಮರಳಿ ಕರೆತರಬಲ್ಲ ಮಂತ್ರಿಗಳು ಯಾರೂ ಇರಲಿಲ್ಲ.

1650ರ ಮೇ ತಿಂಗಳಲ್ಲಿ ಸೆರೆಸಿಕ್ಕ ಮಾಂಟ್ರೋಸ್‌ನನ್ನು ಗಾಡಿಯಲ್ಲಿ ಕಟ್ಟಿ ಎಡಿನ್‌ಬರೊ ಬೀದಿಯಲ್ಲಿ ಮೆರೆಸಿದರು. ಆರ್ಗೈಲ್ ಅದನ್ನು ಕಿಟಕಿಯ ಮರೆಯಿಂದ ನೋಡುತ್ತಿದ್ದನೆಂದು ಪ್ರತೀತಿ. 21ರಂದು ಗಲ್ಲಾಯಿತು. ತಲೆಯನ್ನು ಟೋಲ್‌ಬೂತ್ ಸೆರೆಮನೆಯ ಮೇಲಿನ ಶೂಲಕ್ಕೆ ಚುಚ್ಚಿಟ್ಟರು. ಹನ್ನೊಂದು ವರ್ಷಗಳ ಮೇಲೆ, ದೊರೆತನ ಮರಳಿ ಬಂದಾಗ, ಅದನ್ನು ಇಳಿಸಿ ಗೌರವದಿಂದ ಸಂಸ್ಕಾರ ಮಾಡಿದರು. 1661ರ ಮೇ 27ರಂದು ಆರ್ಗೈಲಿನ ಶಿರಚ್ಛೇದವಾಯಿತು. ಅವನ ತಲೆಯನ್ನು ಏರಿಸಿದ್ದು ಅದೇ ಶೂಲಕ್ಕೆ.

ಹುಡುಗರಾಗಿದ್ದಾಗ ಅವರು ತೂಗುಹಾಕಿದ ಪದಕಗಳನ್ನು ಯಾರೂ ಕಿತ್ತುಹಾಕಲಿಲ್ಲ. ಮುಂದಿನ ತಲೆಮಾರುಗಳ ವಿದ್ಯಾರ್ಥಿಗಳು ಬಂದರು, ಗೆದ್ದರು, ತಮ್ಮ ಬೆಳ್ಳಿಯನ್ನೂ ಆ ಸಾಲಿಗೆ ಕೂಡಿಸಿದರು.