ಅಪ್ಪನ ಯೆಜ್ಡಿಗೆ ಬೆಲೆ ಕಟ್ಟಿದಾಗ

ಮೊನ್ನೆ ನಮ್ಮ ಮನೆ ಬಾಗಿಲಿಗೆ ಬೆಂಗಳೂರಿನಿಂದ ಒಬ್ಬರು ಬಂದಿದ್ದರು. ಅಪ್ಪನ ಹಳೇ ಯೆಜ್ಡಿಯನ್ನು ಎರಡು ಸುತ್ತು ಬಂದು ನೋಡಿದರು. ಟ್ಯಾಂಕ್ ಸವರಿದರು. ಆಮೇಲೆ ಒಂದು ಬೆಲೆ ಹೇಳಿದರು ನೋಡಿ... ನಾನು ಒಂದು ವರ್ಷ ಕೂತು ಬರೆದರೂ ಅಷ್ಟು ದುಡ್ಡು ಹುಟ್ಟೋದಿಲ್ಲ!

ಪಿ.ಯು.ಸಿ. ಅರ್ಧಕ್ಕೇ ಬಿಟ್ಟು ಪೆನ್ನು ಹಿಡಿದವನು ನಾನು. ಬರೆದರುಂಟು, ಇಲ್ಲದಿದ್ದರಿಲ್ಲ. ಮನೆ ಬಾಡಿಗೆ ಎರಡು ತಿಂಗಳು ಬಾಕಿ ಬೇರೆ. "ಕೊಟ್ಬಿಡೋ. ಬಾಡಿಗೆ ಕಟ್ಟಿ, ನೀನೊಂದು ಹೊಸ ಗಾಡಿ ತಗೋ" ಅಂದರು ಅಪ್ಪ. ಒಂದು ವಾರದಲ್ಲಿ ಹೇಳ್ತೀನಿ ಅಂತ ಬಂದವರನ್ನು ಕಳಿಸಿದೆ.

ಲೆಕ್ಕ ಹಾಕಿದರೆ ಅಪ್ಪ ಹೇಳಿದ್ದೇ ಸರಿ. ಹೊಸ 100 ಸಿಸಿ ಗಾಡಿ ಗುಂಡಿ ಒತ್ತಿದರೆ ಹೊರಡುತ್ತೆ, ಲೀಟರಿಗೆ 60 ಕಿಲೋಮೀಟರ್ ಕೊಡುತ್ತೆ. ನಮ್ಮ ಯೆಜ್ಡಿ? 250 ಸಿಸಿ, ಟೂ-ಸ್ಟ್ರೋಕ್. ಪೆಟ್ರೋಲಿಗೆ ಆಯಿಲ್ ಬೆರೆಸಬೇಕು. ಲೀಟರಿಗೆ 30 ಕೊಟ್ಟ ದಿನ ನನಗೆ ಹಬ್ಬ. ಇದರ ಕಿಕ್ಕರ್ ಎಲ್ಲಿದೆ ಅಂತ ಹೊಸಬರಿಗೆ ಗೊತ್ತೇ ಆಗೋದಿಲ್ಲ. ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಬೇಕು, ಅದೇ ಕಿಕ್ಕರ್!

ಹುಟ್ಟಿದ್ದು ನಮ್ಮ ಮೈಸೂರಿನಲ್ಲೇ. 1961ರಲ್ಲಿ ಇಲ್ಲಿನ ಐಡಿಯಲ್ ಜಾವಾ ಕಾರ್ಖಾನೆ ಜೆಕೊಸ್ಲೊವಾಕಿಯಾದ ಜಾವಾ ಗಾಡಿಗಳನ್ನು ತಯಾರಿಸಲು ಶುರುಮಾಡಿತು. ಎಪ್ಪತ್ತರ ದಶಕದಲ್ಲಿ ಅದೇ ಗಾಡಿಗೆ ಯೆಜ್ಡಿ ಅಂತ ಹೆಸರಾಯಿತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. 2022ರಲ್ಲಿ ಯೆಜ್ಡಿ ಅನ್ನೋ ಹೆಸರು ಮತ್ತೆ ಬಂತು ನಿಜ. ಆದರೆ ಅದು ಫೋರ್-ಸ್ಟ್ರೋಕ್. ಎರಡು ಸೈಲೆನ್ಸರಿನ ಆ ಹಳೇ 'ಡಬ ಡಬ' ಅದರಲ್ಲಿಲ್ಲ.

ಆ ಸದ್ದಿನ ಬೆಲೆ ಅಪ್ಪನಿಗೆ ಗೊತ್ತು. ಎರಡು ಟಾಕೀಸಿಗೆ ಒಂದೇ ಪ್ರಿಂಟ್ ಇದ್ದ ಕಾಲದಲ್ಲಿ, ರೀಲ್ ಡಬ್ಬಗಳನ್ನು ಯೆಜ್ಡಿಗೆ ಕಟ್ಟಿಕೊಂಡು ಮೈಸೂರಿನಿಂದ ನಂಜನಗೂಡಿಗೆ ಓಡಿಸುತ್ತಿದ್ದವರು ಅವರು. ಸುಮಾರು 23 ಕಿಲೋಮೀಟರ್ ದಾರಿ. ಅಲ್ಲಿ ಇಂಟರ್‌ವಲ್ ಮುಗಿದು ಜನ ಗಲಾಟೆ ಶುರುಮಾಡಿರೋರು. ಗೇಟಿನ ಹತ್ತಿರ ಯೆಜ್ಡಿ ಸದ್ದು ಕೇಳಿತೋ, ಶಿಳ್ಳೆಯೋ ಶಿಳ್ಳೆ! "ಹೀರೋಗಿಂತ ಮುಂಚೆ ನಿಮ್ಮಪ್ಪಂಗೇ ಶಿಳ್ಳೆ ಕಣೋ" ಅಂತ ಅಮ್ಮ ಇವತ್ತಿಗೂ ನಗ್ತಾರೆ. ಈಗ ಚಿತ್ರಮಂದಿರಕ್ಕೆ ರೀಲೂ ಬರೋದಿಲ್ಲ, ಡಬ್ಬವೂ ಬರೋದಿಲ್ಲ.

ವಾರ ಮುಗಿಯೋಕೆ ಒಂದು ದಿನ ಇತ್ತು. ಕಾರ್ಬ್ಯುರೇಟರ್ ತೊಂದರೆ ಅಂತ ಯೆಜ್ಡಿಯನ್ನು ಮೆಕ್ಯಾನಿಕ್ ಹತ್ತಿರ ಬಿಟ್ಟು, ಗೆಳೆಯನ ಹೊಸ ಬೈಕ್ ಇಸಕೊಂಡು ಕೆಲಸಕ್ಕೆ ಹೋದೆ. ಮನೇಲಿ ಹೇಳೋದು ಮರೆತೆ. ಬೆಣ್ಣೆಯ ಹಾಗೆ ಓಡಿತು ಗಾಡಿ. ಸೆಕೆಂಡ್ ಷೋ ಮುಗಿಸಿ ಬಂದಾಗ ರಾತ್ರಿ ಒಂದು ಗಂಟೆ. ಬೇರೆ ದಿನ ನಾನು ಬೀದಿ ತಿರುವಿಗೆ ಬರೋ ಹೊತ್ತಿಗೇ ಮನೆ ದೀಪ ಹತ್ತಿರುತ್ತೆ, ಅಮ್ಮ ಸಾರು ಬಿಸಿಗೆ ಇಟ್ಟಿರ್ತಾರೆ. ಅವತ್ತು ಕತ್ತಲೆ. ಬಾಗಿಲು ತಟ್ಟಿದೆ.

ತೆಗೆದವರು ಅಪ್ಪ. ಮಲಗೇ ಇರಲಿಲ್ಲ. ನನ್ನ ಹಿಂದೆ ನಿಂತಿದ್ದ ಹೊಸ ಗಾಡಿಯನ್ನು ನೋಡಿದರು. ದನಿಯೇ ಇಲ್ಲದ ಹಾಗೆ ಕೇಳಿದರು:

"ಕೊಟ್ಬಿಟ್ಟೇನೋ?"

ಮಾರು ಅಂದವರೂ ಅವರೇ ಸ್ವಾಮಿ!

"ಇಲ್ಲಪ್ಪ, ರಿಪೇರಿಗೆ ಬಿಟ್ಟಿದೀನಿ" ಅಂದೆ. "ಹೂಂ" ಅಂದು ಒಳಗೆ ಹೋದರು. ಎರಡು ನಿಮಿಷಕ್ಕೆ ಗೊರಕೆ ಕೇಳಿಸಿತು.

ಬೆಳಿಗ್ಗೆ ಬೆಂಗಳೂರಿಗೆ ಫೋನ್ ಮಾಡಿ, ಕೊಡೋದಿಲ್ಲ ಅಂದೆ. ಬಾಡಿಗೆ ಇನ್ನೂ ಬಾಕಿ ಇದೆ. ಈ ಲೇಖನದ ಸಂಭಾವನೆ ನೇರ ಮನೆ ಮಾಲೀಕರಿಗೇ. ಉಳಿದರೆ ಯೆಜ್ಡಿಗೆ ಆಯಿಲ್.